ಒಂದೇ ಗಣಕಯಂತ್ರದಲ್ಲಿ ಹಲವು ದತ್ತಸಂಚಯ ಸರ್ವರ್‌ಗಳು: ಫ್ರೀಬಿಎಸ್‌ಡಿ ಜೈಲ್‌ಗಳಲ್ಲಿ ಪೋಸ್ಟ್‌ಗ್ರೆಸ್ ನಿರ್ವಹಣೆ

ಪೀಠಿಕೆ

ಒಂದು ಸಂಸ್ಥೆಯ ಹಲವು ಶಾಖೆಗಳು ತಮ್ಮ ತಮ್ಮ ದತ್ತಸಂಚಯಗಳನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳಬೇಕಾದ ಸಂದರ್ಭಗಳು ಸಾಮಾನ್ಯ. ಪ್ರತಿಯೊಂದಕ್ಕೂ ಒಂದೊಂದು ಯಂತ್ರವನ್ನು ಖರೀದಿಸಿದಲ್ಲಿ ವೆಚ್ಚವೂ ನಿರ್ವಹಣೆಯ ಹೊರೆಯೂ ಹೆಚ್ಚುತ್ತವೆ. ಎಲ್ಲವನ್ನೂ ಒಂದೇ ಸರ್ವರ್ ತಂತ್ರಾಂಶದ ಅಡಿಯಲ್ಲಿ ತಂದಲ್ಲಿ, ಒಂದು ಶಾಖೆಗಾಗಿ ಆವೃತ್ತಿಯನ್ನು ಬದಲಿಸುವಾಗ ಉಳಿದೆಲ್ಲ ಶಾಖೆಗಳ ಕೆಲಸವೂ ನಿಲ್ಲುತ್ತದೆ. ಇವೆರಡರ ನಡುವಿನ ಮಾರ್ಗವೆಂದರೆ, ಒಂದೇ ಯಂತ್ರದಲ್ಲಿ ಪರಸ್ಪರ ಬೇರ್ಪಟ್ಟ ಆವರಣಗಳನ್ನು ನಿರ್ಮಿಸಿ, ಪ್ರತಿ ಆವರಣದಲ್ಲೂ ಒಂದೊಂದು ದತ್ತಸಂಚಯ ಸರ್ವರನ್ನು ನಡೆಸುವುದು. ಫ್ರೀಬಿಎಸ್‌ಡಿ ಕಾರ್ಯಾಚರಣ ವ್ಯವಸ್ಥೆಯ ‘ಜೈಲ್’ ಸೌಲಭ್ಯ ಹಾಗೂ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಬಳಕೆಯಲ್ಲಿ ‘ಪೋಸ್ಟ್‌ಗ್ರೆಸ್’) ದತ್ತಸಂಚಯ ತಂತ್ರಾಂಶವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಎರಡರ ಮೂಲವೂ ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದೆ. ಹೀಗಿದ್ದೂ ಇವು ಒಂದರೊಡನೊಂದು ಹೊಂದಿಕೊಂಡು ನಡೆಯಲು ಹಲವು ವರ್ಷಗಳೇ ಬೇಕಾದವು.

ಜೈಲ್ ಎಂದರೇನು?

ಯುನಿಕ್ಸ್‌ನ 7ನೆಯ ಆವೃತ್ತಿಯಲ್ಲಿ (1979) ‘ಸಿಎಚ್‌ರೂಟ್’ ಎಂಬ ಕರೆಯನ್ನು ಒದಗಿಸಲಾಯಿತು. ಇದು ಒಂದು ಪ್ರಕ್ರಿಯೆಗೆ ಕಡತ ವ್ಯವಸ್ಥೆಯ ಒಂದು ಭಾಗವನ್ನಷ್ಟೇ ತೋರಿಸುತ್ತದೆ. ಆದರೆ ರೂಟ್ ಬಳಕೆದಾರನ ಅಧಿಕಾರವನ್ನು ಇದು ಮೊಟಕುಗೊಳಿಸುವುದಿಲ್ಲ. 2000ದಲ್ಲಿ ಬಿಡುಗಡೆಯಾದ ಫ್ರೀಬಿಎಸ್‌ಡಿ 4.0 ಆವೃತ್ತಿಯಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ಅವರು ರೂಪಿಸಿದ ಜೈಲ್ ಸೌಲಭ್ಯವು ಈ ಕೊರತೆಯನ್ನು ನೀಗಿಸಿತು. ಜೈಲ್‌ನೊಳಗಿನ ಪ್ರಕ್ರಿಯೆಗೆ ಹೊರಗಿನ ಕಡತಗಳಾಗಲೀ ಬೇರೆ ಜೈಲ್‌ಗಳ ಪ್ರಕ್ರಿಯೆಗಳಾಗಲೀ ಕಾಣುವುದಿಲ್ಲ. ಒಳಗಿನ ರೂಟ್ ಬಳಕೆದಾರನ ಅಧಿಕಾರ ಆ ಜೈಲ್‌ಗಷ್ಟೇ ಸೀಮಿತ. ಪ್ರತಿ ಜೈಲ್‌ಗೂ ತನ್ನದೇ ಐಪಿ ವಿಳಾಸವನ್ನು ನೀಡಬಹುದಾದ್ದರಿಂದ, ಎಲ್ಲ ಪೋಸ್ಟ್‌ಗ್ರೆಸ್ ಸರ್ವರ್‌ಗಳೂ ರೂಢಿಯ 5432ನೆಯ ಪೋರ್ಟ್‌ನಲ್ಲಿಯೇ ಕಾರ್ಯನಿರ್ವಹಿಸಬಹುದು.

ಆದರೆ ಜೈಲ್ ಒಂದು ಸಂಪೂರ್ಣ ಯಂತ್ರವಲ್ಲ. ಎಲ್ಲ ಜೈಲ್‌ಗಳಿಗೂ ಕರ್ನಲ್ ಒಂದೇ. ಹಳೆಯ ವಠಾರಗಳಲ್ಲಿ ಮನೆಮನೆಗೂ ಗೋಡೆ ಬೇರೆಯಾಗಿದ್ದು ನೀರು ಸೇದುವ ಬಾವಿ ಒಂದೇ ಇರುತ್ತಿದ್ದಂತೆ, ಇಲ್ಲಿಯೂ ಕೆಲವು ಸಂಪನ್ಮೂಲಗಳು ಎಲ್ಲರಿಗೂ ಸಮಾನವಾಗಿ ಉಳಿಯುತ್ತವೆ. ದತ್ತಸಂಚಯ ಸರ್ವರ್‌ಗಳ ಮಟ್ಟಿಗೆ ತೊಂದರೆ ಬಂದದ್ದು ಈ ಸಾಮಾನ್ಯ ಸಂಪನ್ಮೂಲಗಳಿಂದಲೇ.

ಹಂಚಿಕೆಯ ಸ್ಮೃತಿ ಮತ್ತು ಸೆಮಾಫೋರ್

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರಕ್ರಿಯೆ ಇರುತ್ತದೆ. ಈ ಪ್ರಕ್ರಿಯೆಗಳು ಪರಸ್ಪರ ವ್ಯವಹರಿಸಲು ‘ಸಿಸ್ಟಮ್ ಫೈವ್’ ಮಾದರಿಯ ಹಂಚಿಕೆಯ ಸ್ಮೃತಿಯನ್ನೂ, ಸರದಿ ಕಾಯಲು ಸೆಮಾಫೋರ್‌ಗಳನ್ನೂ ಬಳಸುತ್ತಿದ್ದವು. ಇವುಗಳಿಗೆ ಕಡತದಂತೆ ಹೆಸರಿರುವುದಿಲ್ಲ. ಒಂದು ಕೀಲಿ ಸಂಖ್ಯೆಯಿಂದ ಅವನ್ನು ಗುರುತಿಸಲಾಗುತ್ತದೆ. 12ನೆಯ ಆವೃತ್ತಿಯವರೆಗೆ ಪೋಸ್ಟ್‌ಗ್ರೆಸ್ ಈ ಸಂಖ್ಯೆಯನ್ನು ಪೋರ್ಟ್ ಸಂಖ್ಯೆಯಿಂದ ರೂಪಿಸುತ್ತಿತ್ತು. 5432ನೆಯ ಪೋರ್ಟ್‌ನ ಸರ್ವರ್ ಮೊದಲು ಪ್ರಯತ್ನಿಸುತ್ತಿದ್ದ ಕೀಲಿ 5432001.

ಜೈಲ್‌ಗಳಲ್ಲಿ ಸಿಸ್ಟಮ್ ಫೈವ್ ಸೌಲಭ್ಯವನ್ನು ಮೂಲತಃ ನಿರ್ಬಂಧಿಸಲಾಗಿದ್ದು, ಅನುಮತಿ ನೀಡದ ಹೊರತು ಪೋಸ್ಟ್‌ಗ್ರೆಸ್ ಪ್ರಾರಂಭವೇ ಆಗುವುದಿಲ್ಲ. ಆದ್ದರಿಂದ ನಿರ್ವಾಹಕರು ಅನುಮತಿ ನೀಡುತ್ತಿದ್ದರು. ಆದರೆ ಹಿಂದಿನ ಆವೃತ್ತಿಗಳಲ್ಲಿ ಆ ಅನುಮತಿಯ ಅರ್ಥವೇ ಬೇರೆಯಾಗಿತ್ತು: ಅನುಮತಿ ಪಡೆದ ಜೈಲ್‌ಗಳೆಲ್ಲವೂ ಆತಿಥೇಯ ಯಂತ್ರದ ಒಂದೇ ಕೀಲಿಪಟ್ಟಿಯನ್ನು ಹಂಚಿಕೊಳ್ಳುತ್ತಿದ್ದವು.

ಇದರ ಪರಿಣಾಮವನ್ನು ಹಂತಹಂತವಾಗಿ ಗಮನಿಸಬಹುದು. ಮೊದಲ ಜೈಲ್‌ನಲ್ಲಿ ಸರ್ವರ್ ಚಾಲನೆಯಲ್ಲಿದೆ. ಎರಡನೆಯ ಜೈಲ್‌ನಲ್ಲಿ ಅದೇ ಪೋರ್ಟ್‌ನ ಇನ್ನೊಂದು ಸರ್ವರನ್ನು ಪ್ರಾರಂಭಿಸಲಾಗುತ್ತದೆ. ಎರಡನೆಯದಕ್ಕೆ ತನ್ನ ಕೀಲಿಯ ಸಂಪನ್ಮೂಲ ಮೊದಲೇ ಇರುವುದು ಕಾಣುತ್ತದೆ. ಅದನ್ನು ಸೃಷ್ಟಿಸಿದ ಪ್ರಕ್ರಿಯೆ ಇನ್ನೂ ಜೀವಂತವಾಗಿದೆಯೇ ಎಂದು ಅದು ಕರ್ನಲ್ ಅನ್ನು ವಿಚಾರಿಸುತ್ತದೆ. ಬೇರೆ ಜೈಲ್‌ನ ಪ್ರಕ್ರಿಯೆ ಕಾಣದಾದ್ದರಿಂದ ‘ಅಂತಹ ಪ್ರಕ್ರಿಯೆ ಇಲ್ಲ’ ಎಂಬ ಉತ್ತರ ದೊರೆಯುತ್ತದೆ. ಹಿಂದೆಂದೋ ಕುಸಿದ ಸರ್ವರ್‌ನ ಅವಶೇಷವೆಂದು ಭಾವಿಸಿ ಅದನ್ನು ಅಳಿಸಿಹಾಕುತ್ತದೆ. ಸ್ಮೃತಿಯ ಭಾಗವು ಕೊನೆಯ ಬಳಕೆದಾರ ಪ್ರಕ್ರಿಯೆ ಬಿಡುವವರೆಗೆ ಉಳಿದರೂ, ಸೆಮಾಫೋರ್‌ಗಳು ಆ ಕ್ಷಣವೇ ಇಲ್ಲವಾಗುತ್ತವೆ. ಏನೂ ತಪ್ಪು ಮಾಡದ ಮೊದಲ ಸರ್ವರ್ ದೋಷಸಂದೇಶದೊಂದಿಗೆ ಕುಸಿಯುತ್ತದೆ. ಜೈಲ್‌ನ ಗೋಡೆ ಭದ್ರವಾಗಿದ್ದುದೇ, ಅಂದರೆ ಪಕ್ಕದ ಪ್ರಕ್ರಿಯೆಯನ್ನು ಮರೆಮಾಡಿದ್ದೇ, ಈ ಅನಾಹುತಕ್ಕೆ ಕಾರಣವಾಯಿತೆಂಬುದು ವಿಶೇಷ.

ಈ ದೋಷಕ್ಕೆ ಪೋಸ್ಟ್‌ಗ್ರೆಸ್ ಕೈಪಿಡಿಯು ಸೂಚಿಸುತ್ತಿದ್ದ ಉಪಾಯವೆಂದರೆ, ಪ್ರತಿ ಜೈಲ್‌ನ ಸರ್ವರನ್ನೂ ಬೇರೆ ಬೇರೆ ಬಳಕೆದಾರ ಸಂಖ್ಯೆಯಡಿ ನಡೆಸುವುದು. ಕರ್ನಲ್ ಹೋಲಿಸುವುದು ಹೆಸರನ್ನಲ್ಲ, ಸಂಖ್ಯೆಯನ್ನು. ಫ್ರೀಬಿಎಸ್‌ಡಿಯ ಸಿದ್ಧ ಪ್ಯಾಕೇಜ್‌ಗಳು ಎಲ್ಲ ಜೈಲ್‌ಗಳಲ್ಲೂ ಒಂದೇ ಸಂಖ್ಯೆಯ ಬಳಕೆದಾರನನ್ನು (ಇತ್ತೀಚಿನ ಆವೃತ್ತಿಗಳಲ್ಲಿ 770) ಸೃಷ್ಟಿಸುವುದರಿಂದ, ಹೆಚ್ಚಿನವರು ತಿಳಿಯದೆಯೇ ಈ ಬಲೆಗೆ ಬೀಳುತ್ತಿದ್ದರು. ಪೋರ್ಟ್ ಸಂಖ್ಯೆಯನ್ನು ಬದಲಿಸುವುದೂ ರೂಢಿಯಲ್ಲಿತ್ತು.

ಮೂಲಭೂತ ಪರಿಹಾರ ದೊರೆತದ್ದು 2016ರ ಫ್ರೀಬಿಎಸ್‌ಡಿ 11.0 ಆವೃತ್ತಿಯಲ್ಲಿ. ಅಂದಿನಿಂದ ಹಂಚಿಕೆಯ ಸ್ಮೃತಿ, ಸೆಮಾಫೋರ್ ಹಾಗೂ ಸಂದೇಶ ಸರದಿ ಈ ಮೂರಕ್ಕೂ ಪ್ರತಿ ಜೈಲ್‌ನ ವಿನ್ಯಾಸ ಕಡತದಲ್ಲಿ ಪ್ರತ್ಯೇಕ ಆಯ್ಕೆಯನ್ನು ನೀಡಬಹುದಾಗಿದೆ: ‘ಡಿಸೇಬಲ್’ ಎಂದರೆ ನಿರ್ಬಂಧ, ‘ಇನ್‌ಹೆರಿಟ್’ ಎಂದರೆ ಹಿಂದಿನಂತೆ ಸಾಮಾನ್ಯ ಪಟ್ಟಿ, ‘ನ್ಯೂ’ ಎಂದರೆ ಆ ಜೈಲ್‌ಗೆ ತನ್ನದೇ ಕೀಲಿಪಟ್ಟಿ. ದತ್ತಸಂಚಯ ಸರ್ವರ್‌ಗಳಿರುವ ಜೈಲ್‌ಗಳಿಗೆ ‘ನ್ಯೂ’ ಆಯ್ಕೆಯನ್ನೇ ನೀಡತಕ್ಕದ್ದು. ಹಳೆಯ ಸಾಮಾನ್ಯ ಅನುಮತಿಯ ಸಾಲು ವಿನ್ಯಾಸ ಕಡತದಲ್ಲಿ ಉಳಿದಿದ್ದಲ್ಲಿ ಅದನ್ನು ತೆಗೆದುಹಾಕುವುದು ಸೂಕ್ತ.

ಪೋಸ್ಟ್‌ಗ್ರೆಸ್ ಕಡೆಯಿಂದಲೂ ಸುಧಾರಣೆಗಳಾದವು. 2013ರ 9.3 ಆವೃತ್ತಿಯು ಸ್ಮೃತಿಯ ಬಹುಭಾಗವನ್ನು ಸಿಸ್ಟಮ್ ಫೈವ್‌ನಿಂದ ಹೊರತಂದು ಕೆಲವೇ ಬೈಟ್‌ಗಳ ಒಂದು ಭಾಗವನ್ನಷ್ಟೇ ಅಲ್ಲಿ ಉಳಿಸಿಕೊಂಡಿತು. 2017ರ 10ನೆಯ ಆವೃತ್ತಿಯು ಫ್ರೀಬಿಎಸ್‌ಡಿಯಲ್ಲಿ ಬೇರೊಂದು ಮಾದರಿಯ ಸೆಮಾಫೋರ್‌ಗಳನ್ನು ಬಳಸತೊಡಗಿತು. 2020ರ 13ನೆಯ ಆವೃತ್ತಿಯಲ್ಲಿ ಕೀಲಿ ಸಂಖ್ಯೆಯನ್ನು ಪೋರ್ಟ್‌ನ ಬದಲಿಗೆ ದತ್ತಾಂಶ ಡೈರೆಕ್ಟರಿಯ ಐನೋಡ್ ಸಂಖ್ಯೆಯಿಂದ ಆಯ್ದುಕೊಳ್ಳಲಾಯಿತು. 10ಕ್ಕಿಂತ ಹಿಂದಿನ ಆವೃತ್ತಿಗಳನ್ನು ಇನ್ನೂ ನಡೆಸುತ್ತಿರುವವರು ಒಂದು ಸಂಗತಿಯನ್ನು ಗಮನಿಸಬೇಕು. ಸೆಮಾಫೋರ್ ಸೃಷ್ಟಿಸುವಾಗ ‘ಸಾಧನದಲ್ಲಿ ಸ್ಥಳಾವಕಾಶವಿಲ್ಲ’ ಎಂಬ ಸಂದೇಶ ಬಂದಲ್ಲಿ ಡಿಸ್ಕ್ ತುಂಬಿದೆಯೆಂದು ಅರ್ಥವಲ್ಲ. ಕರ್ನಲ್‌ನ ಸೆಮಾಫೋರ್ ಮಿತಿ ಮುಗಿದಿದೆಯೆಂದು ಅರ್ಥ. ಡಿಸ್ಕ್‌ನಲ್ಲಿ ಕಡತಗಳನ್ನು ಅಳಿಸುತ್ತ ಕುಳಿತರೆ ಪ್ರಯೋಜನವಿಲ್ಲ.

ಒಂದೇ ದತ್ತಾಂಶ ಡೈರೆಕ್ಟರಿಯನ್ನು ಹಂಚಿಕೊಳ್ಳಲಾಗದು

ಇದುವರೆಗೆ ಹೇಳಿದ ದೋಷದಿಂದ ಸರ್ವರ್ ಕುಸಿಯಬಹುದು, ಮರುಚಾಲನೆಯಾಗಬಹುದು. ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಒಂದೇ ದತ್ತಾಂಶ ಡೈರೆಕ್ಟರಿಯ ಮೇಲೆ ಎರಡು ಸರ್ವರ್‌ಗಳು ಚಾಲನೆಗೊಳ್ಳದಂತೆ ಪೋಸ್ಟ್‌ಗ್ರೆಸ್ ಎರಡು ಕಾವಲುಗಳನ್ನು ಇಟ್ಟುಕೊಂಡಿದೆ. ಮೊದಲನೆಯದು, ಡೈರೆಕ್ಟರಿಯಲ್ಲಿರುವ ಬೀಗದ ಕಡತದಲ್ಲಿ ಬರೆದ ಪ್ರಕ್ರಿಯೆ ಸಂಖ್ಯೆ. ಎರಡನೆಯದು, ಮೇಲೆ ಹೇಳಿದ ಕೆಲವು ಬೈಟ್‌ಗಳ ಹಂಚಿಕೆಯ ಸ್ಮೃತಿ. ಅದನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಹೊಸ ಸರ್ವರ್ ಪರೀಕ್ಷಿಸುತ್ತದೆ.

ಎರಡು ಜೈಲ್‌ಗಳಿಗೆ ಒಂದೇ ಡೈರೆಕ್ಟರಿಯನ್ನು ಮೌಂಟ್ ಮಾಡಿದಲ್ಲಿ ಈ ಎರಡೂ ಕಾವಲುಗಳು ನಿಷ್ಫಲವಾಗುತ್ತವೆ. ಪಕ್ಕದ ಜೈಲ್‌ನ ಪ್ರಕ್ರಿಯೆ ಕಾಣುವುದಿಲ್ಲ. ‘ನ್ಯೂ’ ಆಯ್ಕೆಯಿಂದಾಗಿ ಅದರ ಸ್ಮೃತಿಯೂ ಕಾಣುವುದಿಲ್ಲ. ಐಪಿ ವಿಳಾಸ ಬೇರೆಯಾದ್ದರಿಂದ ಪೋರ್ಟ್‌ನ ಘರ್ಷಣೆಯೂ ಇಲ್ಲ. ಎರಡನೆಯ ಸರ್ವರ್ ನಿರಾತಂಕವಾಗಿ ಪ್ರಾರಂಭವಾಗಿ, ಅವೇ ಕಡತಗಳಿಗೆ ಬರೆಯತೊಡಗುತ್ತದೆ. ಹೀಗೆ ಕೆಟ್ಟ ದತ್ತಾಂಶವನ್ನು ಯಾವ ದುರಸ್ತಿಯೂ ಪೂರ್ಣವಾಗಿ ಸರಿಪಡಿಸಲಾರದು. ಹಳೆಯ ಪ್ರತಿಯಿಂದ ಮರುಸ್ಥಾಪಿಸುವುದೊಂದೇ ದಾರಿ. ಹಳೆಯ ಜೈಲ್‌ನಿಂದ ಹೊಸದಕ್ಕೆ ಸ್ಥಳಾಂತರಿಸುವ ವೇಳೆ, ಹಳೆಯದನ್ನು ನಿಲ್ಲಿಸಲು ಮರೆತಾಗ ಇಂತಹ ಸನ್ನಿವೇಶ ಉಂಟಾಗುವ ಸಂಭವವಿದೆ. ಬೀಗದ ಕಡತವನ್ನು ಕೈಯಾರೆ ಅಳಿಸುವ ಅಭ್ಯಾಸವಂತೂ ಸಲ್ಲದು.

ಇತರ ಅಂಶಗಳು

ಆತಿಥೇಯ ಯಂತ್ರದಲ್ಲಿಯೂ ಪೋಸ್ಟ್‌ಗ್ರೆಸ್ ಇದ್ದಲ್ಲಿ, ಅದು ಎಲ್ಲ ವಿಳಾಸಗಳಲ್ಲಿ ಆಲಿಸದಂತೆ ಅದರ ವಿಳಾಸವನ್ನು ನಿಗದಿಪಡಿಸಬೇಕು. ಸ್ಮೃತಿಯ ಲೆಕ್ಕವನ್ನು ಎಲ್ಲ ಸರ್ವರ್‌ಗಳಿಗೂ ಸೇರಿಸಿ ಮಾಡಬೇಕು, ಏಕೆಂದರೆ ಪ್ರತಿ ಸರ್ವರೂ ಇಡೀ ಯಂತ್ರ ತನ್ನದೇ ಎಂಬಂತೆ ವರ್ತಿಸುತ್ತದೆ. ಒಂದು ಜೈಲ್‌ನ ಬಳಕೆಗೆ ಮಿತಿ ಹೇರಲು ಫ್ರೀಬಿಎಸ್‌ಡಿ 9.0ರಿಂದ (2012) ‘ಆರ್‌ಸಿಟಿಎಲ್’ ಸೌಲಭ್ಯವಿದೆ. ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಪ್ರತಿ ಜೈಲ್‌ಗೂ ಪ್ರತ್ಯೇಕ ಡೇಟಾಸೆಟ್ ಹಾಗೂ ಕೋಟಾ ನಿಗದಿಪಡಿಸಿದಲ್ಲಿ, ಒಂದು ಸರ್ವರ್‌ನ ಲಾಗ್ ಕಡತಗಳು ಡಿಸ್ಕ್ ತುಂಬಿಸಿ ಉಳಿದವುಗಳನ್ನು ನಿಲ್ಲಿಸುವುದು ತಪ್ಪುತ್ತದೆ. ಜೈಲ್‌ನೊಳಗಿನ ವ್ಯವಸ್ಥೆಯ ಆವೃತ್ತಿಯು ಆತಿಥೇಯ ಕರ್ನಲ್‌ಗಿಂತ ಹೊಸದಾಗಿರಕೂಡದು. ಕರ್ನಲ್ ಕುಸಿದರೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ನಿಲ್ಲುವುದರಿಂದ, ಪ್ರತಿಗಳನ್ನು ಬೇರೊಂದು ಯಂತ್ರದಲ್ಲಿ ಇರಿಸುವುದು ಅನಿವಾರ್ಯ.

ಪರಿಶೀಲನೆ

ಸ್ಥಾಪನೆ ಪೂರ್ಣಗೊಂಡ ನಂತರ ಎಲ್ಲ ಸರ್ವರ್‌ಗಳನ್ನೂ ಚಾಲನೆಯಲ್ಲಿಟ್ಟು, ಪ್ರತಿ ಜೈಲ್‌ನೊಳಗೆ ‘ಐಪಿಸಿಎಸ್’ ಆದೇಶವನ್ನು ನೀಡಬೇಕು. ಆ ಜೈಲ್ ಸೃಷ್ಟಿಸಿದ ಸಂಪನ್ಮೂಲಗಳು ಮಾತ್ರ ಪಟ್ಟಿಯಲ್ಲಿ ಕಂಡುಬಂದಲ್ಲಿ ಬೇರ್ಪಡಿಕೆ ಸರಿಯಾಗಿದೆ. ಇತರ ಜೈಲ್‌ಗಳವೂ ಕಂಡುಬಂದಲ್ಲಿ ‘ಇನ್‌ಹೆರಿಟ್’ ಅಥವಾ ಹಳೆಯ ಅನುಮತಿ ಇನ್ನೂ ಜಾರಿಯಲ್ಲಿದೆ. ಆತಿಥೇಯ ಯಂತ್ರದಲ್ಲಿ ಇದೇ ಆದೇಶ ನೀಡಿದಾಗ ಎಲ್ಲ ಜೈಲ್‌ಗಳವೂ ಕಾಣುವುದು ಸಹಜ, ಅದು ದೋಷವಲ್ಲ. ಬಳಿಕ ಒಂದು ಸರ್ವರನ್ನು ನಿಲ್ಲಿಸಿ ಮತ್ತೆ ಪ್ರಾರಂಭಿಸಿ, ಆ ಅವಧಿಯಲ್ಲಿ ಉಳಿದ ಸರ್ವರ್‌ಗಳ ಲಾಗ್‌ನಲ್ಲಿ ಯಾವುದೇ ದೋಷಸಂದೇಶ ದಾಖಲಾಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಈ ಪರೀಕ್ಷೆಯನ್ನು ನಿಜವಾದ ದತ್ತಾಂಶವನ್ನು ತುಂಬುವ ಮುನ್ನವೇ ನಡೆಸಬೇಕು.