ಮೂಳೆಯ ಜಮಾ-ಖರ್ಚು ಬರೆದ ಡಾಕ್ಟರು

ರಾಯದುರ್ಗ, ಆದವಾನಿ ಕಡೆಯ ಯಾವ ಸಂತೆಗೆ ಹೋದರೂ ನಡ ಬಾಗಿದ ಅವ್ವಂದಿರು ಕಣ್ಣಿಗೆ ಬೀಳುತ್ತಾರೆ. ಕೇಳಿದರೆ, "ವಯಸ್ಸಾತಪ್ಪಾ, ನಡ ಬಾಗ್ದೆ ಇರ್ತೈತಾ?" ಎನ್ನುತ್ತಾರೆ. ಪಕ್ಕದಲ್ಲಿ ಕೂತ ತೆಲುಗಿನವರು "ನಡುಮು ವಂಗಿಪೋಯಿಂದಿ" ಎಂದು ದನಿಗೂಡಿಸುತ್ತಾರೆ. ಎರಡು ಭಾಷೆಯಲ್ಲೂ ಒಂದೇ ತೀರ್ಮಾನ: ಇದು ಮುಪ್ಪಿನ ಪಾಲು. ಹಾಗಲ್ಲ, ಇದಕ್ಕೆ ಬೇರೆ ಕಾರಣ ಉಂಟು ಎಂದು ಮೊದಲು ಲೆಕ್ಕ ಹಾಕಿ ತೋರಿಸಿದ ಡಾಕ್ಟರರೊಬ್ಬರನ್ನು ಇವತ್ತು ನೆನೆಯಬೇಕು ಅನ್ನಿಸಿದೆ. ಅವರ ಹೆಸರು ಫುಲ್ಲರ್ ಆಲ್‌ಬ್ರೈಟ್.

1900ರಲ್ಲಿ ಅಮೆರಿಕದ ಬಫಲೋ ಪಟ್ಟಣದಲ್ಲಿ ಹುಟ್ಟಿದವರು. ತಂದೆ ದೊಡ್ಡ ಉದ್ಯಮಿ. ಮಗ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ, ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲೇ ಬದುಕು ಕಳೆದರು.

ವ್ಯಾಪಾರಸ್ಥರಿಗೆ ಅವರ ಕೆಲಸ ಚಟ್ಟನೆ ಅರ್ಥವಾಗುತ್ತದೆ. ಮೂಳೆಯೆಂದರೆ ಕಲ್ಲಿನ ಕಂಬವಲ್ಲ, ನಡೆಯುತ್ತಿರುವ ಖಾತೆ. ದಿನವೂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಅದರೊಳಗೆ ಜಮಾ ಆಗುತ್ತದೆ, ಖರ್ಚೂ ಆಗುತ್ತದೆ. ಆ ಆಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ರೋಗಿ ಉಂಡದ್ದನ್ನೆಲ್ಲ ತೂಗಿ, ಮಲ-ಮೂತ್ರದಲ್ಲಿ ಹೊರಗೆ ಹೋದದ್ದನ್ನು ಅಳೆದು, ಒಳಗೆ ಉಳಿದದ್ದೆಷ್ಟು ಎಂದು ಬರೆದಿಡುತ್ತಿದ್ದರು. ಥೇಟ್ ನಮ್ಮ ಅಂಗಡಿಯ ರೋಜು-ಖಾತೆ!

ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕ್ಯಾಪ್ಟನ್ ಆ ವಾರ್ಡಿನ ಹೆಸರಾಂತ ರೋಗಿ. ಮೂಳೆ ಮೇಲಿಂದ ಮೇಲೆ ಮುರಿದು, ಆರಡಿ ದಾಟಿದ್ದ ಆಳು ಏಳು ಇಂಚು ಕುಗ್ಗಿಹೋಗಿದ್ದ. ಕುತ್ತಿಗೆಯಲ್ಲಿ ಕಾಳಿನಷ್ಟಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವುಗಳಲ್ಲೊಂದು ಗಂಟುಕಟ್ಟಿ, ಅದರ ಹಾರ್ಮೋನು ಅತಿಯಾಗಿ ಮೂಳೆಯ ಸುಣ್ಣವನ್ನೆಲ್ಲ ರಕ್ತಕ್ಕೆ ಎಳೆಯುತ್ತಿತ್ತು. ಗಂಟು ಎಲ್ಲಿದೆ ಎಂದು ಹುಡುಕಲು ಏಳು ಸಲ ಕುಯ್ಯಬೇಕಾಯಿತು. 1932ರಲ್ಲಿ ಅದು ಸಿಕ್ಕಿದ್ದು ಕುತ್ತಿಗೆಯಲ್ಲಲ್ಲ, ಎದೆಯೊಳಗೆ. ಕ್ಯಾಪ್ಟನ್ ಬಹಳ ದಿನ ಉಳಿಯಲಿಲ್ಲ. ಆದರೆ ಅವನ ಮೈ ಕಲಿಸಿದ ಪಾಠ ಮುಂದಿನವರ ಜೀವ ಉಳಿಸಿತು.

ನಮ್ಮ ಅವ್ವಂದಿರ ಮಾತು ಬರುವುದು 1941ರಲ್ಲಿ. ಮೂಳೆ ಟೊಳ್ಳಾದ 42 ಮಂದಿಯನ್ನು ಆಲ್‌ಬ್ರೈಟ್ ಮತ್ತು ಜೊತೆಗಾರರು ಪರೀಕ್ಷಿಸಿದಾಗ 40 ಮಂದಿ ಮುಟ್ಟು ನಿಂತ ಹೆಂಗಸರೇ ಆಗಿದ್ದರು. ಅವರಲ್ಲಿ ಕೆಲವರಿಗೆ ವಯಸ್ಸಾಗಿ ಮುಟ್ಟು ನಿಂತದ್ದಲ್ಲ, ಆಪರೇಷನ್ನಿನಿಂದ ಅಂಡಾಶಯ ಹೋಗಿ ನಿಂತದ್ದು. ಮೊಟ್ಟೆ ಇಡುವ ಮುಂಚೆ ಹೆಣ್ಣು ಪಾರಿವಾಳದ ಮೂಳೆ ತುಂಬಿಕೊಳ್ಳುತ್ತದೆ ಎಂದು ಬೇರೆ ಸಂಶೋಧಕರು ಕಂಡಿದ್ದರು. ಅದನ್ನೂ ಇದನ್ನೂ ಕೂಡಿಸಿ ನೋಡಿದ ಆಲ್‌ಬ್ರೈಟ್, ಅಂಡಾಶಯದ ಈಸ್ಟ್ರೋಜನ್ ಹಾರ್ಮೋನೇ ಮೂಳೆಯ ಕಾವಲುಗಾರ ಎಂದರು. ಅದು ಮೂಳೆ ಕಟ್ಟಲು ಹುರುಪು ಕೊಡುತ್ತದೆ ಎಂಬುದು ಅವರ ಎಣಿಕೆ. ಮೂಳೆ ಕರಗಿಸುವ ಕಣಗಳಿಗೆ ಅದು ಮುಖ್ಯವಾಗಿ ಮೂಗುದಾರ ಹಾಕುತ್ತದೆ ಎಂಬುದು ಆಮೇಲೆ ತಿಳಿಯಿತು. ಮೂಲ ಮಾತು ಮಾತ್ರ ಅಲುಗಲಿಲ್ಲ.

ಇದನ್ನೆಲ್ಲ ಮಾಡಿದ್ದು ಗಟ್ಟಿಮುಟ್ಟಾದ ಆಳಲ್ಲ. ನಲವತ್ತು ತುಂಬುವ ಮೊದಲೇ ಪಾರ್ಕಿನ್ಸನ್ ರೋಗ ಅಂಟಿ ಕೈ ನಡುಗಿತು, ಮಾತು ತೊದಲಿತು. ಆದರೂ 1948ರಲ್ಲಿ ಎಡ್ವರ್ಡ್ ರೈಫನ್‌ಸ್ಟೈನ್ ಜೊತೆ ಪ್ಯಾರಾಥೈರಾಯ್ಡ್ ಮತ್ತು ಮೂಳೆರೋಗಗಳ ಮೇಲೆ ದೊಡ್ಡ ಗ್ರಂಥ ತಂದರು. ನಡುಕ ನಿಲ್ಲಿಸಲೆಂದು 1956ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ರಕ್ತಸ್ರಾವವಾಗಿ ಮಾತೂ ಹೋಯಿತು, ಓಡಾಟವೂ ಹೋಯಿತು. ತಾವು ದುಡಿದ ಆಸ್ಪತ್ರೆಯಲ್ಲೇ 13 ವರ್ಷ ಹಾಸಿಗೆ ಹಿಡಿದು 1969ರಲ್ಲಿ ತೀರಿಕೊಂಡರು. ಅಮೆರಿಕದ ಮೂಳೆ ಸಂಶೋಧಕರ ಸಂಘ ಎಳೆಯ ಸಂಶೋಧಕರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಬೋಸ್ಟನ್ನಿನ ಡಾಕ್ಟರಿಗೂ ನಮ್ಮ ಗಡಿ ಹಳ್ಳಿಗಳಿಗೂ ಎಲ್ಲಿಯ ನಂಟು ಅಂತೀರಾ? 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಚೀಲ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು 3, ಆಂಧ್ರದಲ್ಲಿ ಸುಮಾರು 9. ನಮ್ಮ ಬಂಧುವೊಬ್ಬಾಕೆಗೆ ಮೂವತ್ತೈದಕ್ಕೇ ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರು. "ಇನ್ನ ಕಾಟ ಇಲ್ಲ ಬಿಡಮ್ಮ" ಎಂದು ಮನೆಗೆ ಕಳಿಸಿದರು. ಮೂಳೆಯ ಮಾತನ್ನು ಯಾರೂ ಎತ್ತಲಿಲ್ಲ. ಐವತ್ತು ತುಂಬುವುದರೊಳಗೆ ಅಂಗಳದಲ್ಲಿ ಜಾರಿ ಮುಂಗೈ ಮುರಿದಾಗಲೇ ನಮಗೆಲ್ಲ ಎಚ್ಚರವಾದದ್ದು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಮಾರ್ಗಸೂಚಿ ಪಾಲಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ಕ್ಯಾನ್ಸರ್, ನಿಲ್ಲದ ರಕ್ತಸ್ರಾವದಂಥ ಕಡೆ ಆಪರೇಷನ್ ಬೇಕೇ ಬೇಕು, ಅಲ್ಲಿ ಹೆದರಿ ಹಿಂಜರಿಯಬಾರದು. ಆದರೆ ಗರ್ಭಚೀಲ ಬೇರೆ, ಅಂಡಾಶಯ ಬೇರೆ. ಅಂಡಾಶಯ ಉಳಿದರೆ ಹಾರ್ಮೋನು ಇನ್ನೂ ಕೆಲವು ವರ್ಷ ಒಸರುತ್ತದೆ. ಹಾಗಂತ ಅಂಗಡಿಯಿಂದ ಹಾರ್ಮೋನು ಮಾತ್ರೆ ತಂದು ನುಂಗುವುದೂ ತರವಲ್ಲ. ಎರಡು ಹಾರ್ಮೋನು ಕೂಡಿಸಿ ಕೊಟ್ಟಾಗ ಮೂಳೆ ಮುರಿತ ತಗ್ಗಿದರೂ ಸ್ತನದ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದ್ದು 2002ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕಂಡಿತು. ಯಾರಿಗೆ ಬೇಕು, ಎಷ್ಟು ಕಾಲ ಬೇಕು ಎಂಬುದನ್ನು ತಿಳಿದ ಡಾಕ್ಟರೇ ಹೇಳಬೇಕು. ಮನೆಯಲ್ಲಿ ಮಾಡಬೇಕಾದದ್ದೂ ಇದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಉಂಟು. ಮುದ್ದೆ, ಮಜ್ಜಿಗೆ, ಮೈಗೆ ಬಿಸಿಲು, ಕಾಲಿಗೆ ನಡಿಗೆ, ಇವು ಬಿಡಬಾರದು.

ಹೆಂಡತಿಯನ್ನೋ ಮಗಳನ್ನೋ ಅಕ್ಕನನ್ನೋ ಆಪರೇಷನ್ನಿಗೆಂದು ಕರೆದೊಯ್ಯುವ ರೈತ ಬಂಧುಗಳೇ, ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡುವವರು ನಾವು. ಆಪರೇಷನ್ ಟೇಬಲ್ಲಿನ ಮುಂದೆ ಮಾತ್ರ ಬಾಯಿ ಕಟ್ಟಿ ನಿಲ್ಲುವುದೇಕೆ? ಎರಡೇ ಮಾತು ಕೇಳಿ: "ಡಾಕ್ಟ್ರೇ, ಅಂಡಾಶಯ ತೆಗೀಲೇಬೇಕಾ? ತೆಗುದ್ರೆ ಮುಂದೆ ಮೂಳೆಗೇನು ದಾರಿ?" ತೆಲುಗಿನಲ್ಲೇ ಕೇಳಿ, ಕನ್ನಡದಲ್ಲೇ ಕೇಳಿ. ಉತ್ತರ ಸಿಗುವ ತನಕ ಕಾಗದಕ್ಕೆ ರುಜು ಹಾಕಬೇಡಿ.