ಲ್ಯಾಪ್‌ಟಾಪಿಗೆ ಮುಪ್ಪು ಬರುವುದು ಯಾವಾಗ?

1981ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದ ಕಂಪ್ಯೂಟರ್ ಮೇಳವೊಂದರಲ್ಲಿ ಹೊಲಿಗೆಯಂತ್ರದ ಪೆಟ್ಟಿಗೆಯನ್ನು ಹೋಲುವ ಯಂತ್ರವೊಂದು ಪ್ರದರ್ಶನಕ್ಕೆ ಬಂತು. ಹಿಡಿಕೆ ಹಿಡಿದು ಒಯ್ಯಬಹುದಾಗಿದ್ದ ಅದರ ತೂಕ ಸುಮಾರು 11 ಕಿಲೋ. ಪರದೆ 5 ಅಂಗುಲ. ಬೆಲೆ 1,795 ಡಾಲರ್. ‘ಆಸ್ಬರ್ನ್ 1’ ಎಂಬ ಈ ಯಂತ್ರವನ್ನು ಇಂದಿನ ಲ್ಯಾಪ್‌ಟಾಪಿನ ಮುತ್ತಜ್ಜ ಎನ್ನಬಹುದು. ಅದನ್ನು ಮಾರುಕಟ್ಟೆಗೆ ತಂದ ಆಡಂ ಆಸ್ಬರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ. ಅವರ ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತರು, ಮಹರ್ಷಿಗಳ ಜೀವನಚರಿತ್ರೆ ಬರೆದವರು.

ಯಂತ್ರ ಬಿಸಿದೋಸೆಯಂತೆ ಖರ್ಚಾಯಿತು. ಆದರೆ 1983ರಲ್ಲಿ, ಇದಕ್ಕಿಂತ ಉತ್ತಮ ಮಾದರಿ ಬರಲಿದೆ ಎಂದು ಕಂಪನಿ ಮುಂಚಿತವಾಗಿಯೇ ಸಾರಿತು. ಹೊಸದು ಬರುವಾಗ ಹಳೆಯದೇಕೆ ಎಂದು ಅಂಗಡಿಕಾರರು ಬೇಡಿಕೆ ರದ್ದುಪಡಿಸಿದರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯೆದ್ದಿತು. ಪ್ರತಿಸ್ಪರ್ಧಿಗಳ ಹೊಡೆತವೂ ಇದಕ್ಕೆ ಕಾರಣವಾಗಿತ್ತು ನಿಜ. ಆದರೂ ಈ ಪ್ರಸಂಗದಿಂದಾಗಿ ‘ಆಸ್ಬರ್ನ್ ಪರಿಣಾಮ’ ಎಂಬ ಮಾತು ವ್ಯಾಪಾರಲೋಕದಲ್ಲಿ ನೆಲೆ ನಿಂತಿತು.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅಂಗಡಿಯ ಕಪಾಟಿನಲ್ಲಿದ್ದ ಯಂತ್ರ ನಿನ್ನೆ ಇದ್ದಂತೆಯೇ ಇಂದೂ ಇತ್ತು. ಅದರ ಒಂದು ತಿರುಪೂ ಸಡಿಲಗೊಂಡಿರಲಿಲ್ಲ. ಆದರೂ ಒಂದು ಪ್ರಕಟಣೆಯಿಂದ ಅದು ‘ಹಳೆಯದು’ ಆಗಿಹೋಯಿತು. ಆರೇಳು ವರ್ಷದ ಲ್ಯಾಪ್‌ಟಾಪನ್ನು ಎದುರಿಗಿಟ್ಟುಕೊಂಡು, ಇದನ್ನೇ ಇಟ್ಟುಕೊಳ್ಳುವುದೋ ಹೊಸದನ್ನು ಕೊಳ್ಳುವುದೋ ಎಂದು ಯೋಚಿಸುವ ಇಂದಿನ ಗೃಹಸ್ಥನೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಯಂತ್ರಕ್ಕೆ ನಿಜಕ್ಕೂ ವಯಸ್ಸಾಗಿದೆಯೆ, ಅಥವಾ ಹಾಗೆಂದು ಯಾರಾದರೂ ಹೇಳಿದ್ದಾರೆಯೆ? ಲ್ಯಾಪ್‌ಟಾಪಿಗೆ ಬರುವ ಮುಪ್ಪು ಮೂರು ಬಗೆಯದು. ಮೂರಕ್ಕೂ ಮದ್ದು ಬೇರೆ ಬೇರೆ.

ಸವೆತದ ಮುಪ್ಪು

ಮೊದಲನೆಯದು ದೇಹದ ಸವೆತ. ಕೀಲು ಸಡಿಲವಾಗುತ್ತದೆ, ಫ್ಯಾನಿನಲ್ಲಿ ದೂಳು ಕಟ್ಟುತ್ತದೆ, ಕೀಲಿಮಣೆಯ ಅಕ್ಷರ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಮೊದಲು ಸೋಲುವುದು ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯೇ ಇಂದಿನ ಲ್ಯಾಪ್‌ಟಾಪ್‌ಗಳ ಉಸಿರು. ಆದರೆ ಪ್ರತಿ ಬಾರಿ ವಿದ್ಯುತ್ ತುಂಬಿ ಖಾಲಿ ಮಾಡಿದಾಗಲೂ ಅದರ ಶಕ್ತಿ ತುಸುತುಸುವೇ ಕುಂದುತ್ತದೆ. ನಾಲ್ಕು ಗಂಟೆ ನಡೆಯುತ್ತಿದ್ದ ಯಂತ್ರ ನಲವತ್ತು ನಿಮಿಷಕ್ಕೆ ಕಣ್ಣು ಮುಚ್ಚುವುದು ಇದರಿಂದ. ಬ್ಯಾಟರಿ ಬದಲಾಯಿಸಿದರೆ ಈ ಕಾಯಿಲೆ ವಾಸಿ. ಇದಕ್ಕಾಗಿ ಇಡೀ ಯಂತ್ರವನ್ನೇ ಎಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತಡಮಾಡುವಂತಿಲ್ಲ. ಅದು ಬೆಂಕಿಗೆ ಆಹ್ವಾನ.

ಹೊರೆಯ ಮುಪ್ಪು

ಎರಡನೆಯದು ಹೊರೆ ಹೆಚ್ಚಿದ್ದರಿಂದ ಬರುವ ಮುಪ್ಪು. ಒಂದು ಚಿಪ್‌ನಲ್ಲಿ ಅಡಕವಾಗುವ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಯಂತ್ರದ ಶಕ್ತಿ ಹೆಚ್ಚಿದಂತೆ ತಂತ್ರಾಂಶಗಳೂ ದಪ್ಪಗಾದವು. ಹತ್ತು ವರ್ಷದ ಹಿಂದೆ ಹಗುರಾಗಿದ್ದ ಅಂತರ್ಜಾಲದ ಪುಟ ಇಂದು ಚಿತ್ರ, ಚಲನಚಿತ್ರ, ಜಾಹೀರಾತುಗಳ ಮೂಟೆ ಹೊತ್ತು ಬರುತ್ತದೆ. ಎತ್ತು ಅದೇ, ಗಾಡಿಯ ಮೇಲಿನ ಭಾರ ಮಾತ್ರ ನಾಲ್ಕು ಪಟ್ಟು.

ಈ ನಿಧಾನಗತಿಯ ಮೂಲ ಬಹುತೇಕ ಸಲ ಇರುವುದು ಯಂತ್ರದ ಮಿದುಳಿನಲ್ಲಲ್ಲ, ಉಗ್ರಾಣದಲ್ಲಿ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಎಂಬುದು ಗ್ರಾಮಫೋನ್ ತಟ್ಟೆಯಂತೆ ತಿರುಗುವ ಬಿಲ್ಲೆ. ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು. ಬೇಕಾದ ಮಾಹಿತಿ ಇರುವ ಜಾಗಕ್ಕೆ ಅದರ ಮುಳ್ಳು ಪ್ರತಿ ಬಾರಿಯೂ ಓಡಾಡಬೇಕು. ಒಂದೊಂದು ಓಡಾಟಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಹಿಡಿದರೂ, ಇಂಥ ಸಾವಿರಾರು ಓಡಾಟ ಸೇರಿದಾಗ ಯಂತ್ರ ಎದ್ದು ಕೂರುವ ಹೊತ್ತಿಗೆ ಕಾಫಿ ಕುಡಿದು ಮುಗಿದಿರುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಉಗ್ರಾಣದಲ್ಲಿ ಬಿಲ್ಲೆಯೂ ಇಲ್ಲ, ಮುಳ್ಳೂ ಇಲ್ಲ. ಅದೇ ಮಾಹಿತಿ ನೂರು ಪಟ್ಟು ಬೇಗ ಕೈಗೆ ಸಿಗಬಲ್ಲದು. ರ‍್ಯಾಮ್ ಎಂಬುದು ಕೆಲಸದ ಮೇಜು. ಮೇಜು ಚಿಕ್ಕದಾದರೆ ಕಡತಗಳನ್ನು ಪದೇ ಪದೇ ಉಗ್ರಾಣಕ್ಕೆ ಕಳಿಸಿ ತರಿಸಬೇಕು. 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ, ಬರಹ, ಲೆಕ್ಕಪತ್ರ, ಮಿಂಚಂಚೆ, ಮಕ್ಕಳ ಪಾಠದಂಥ ಕೆಲಸಗಳಿಗೆ ಹಳೆಯ ಯಂತ್ರ ಮತ್ತೆ ಹರೆಯ ಪಡೆದಂತೆ ಓಡುವುದುಂಟು. ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಇದು ಸಣ್ಣ ಪಾಲು.

ಆದರೆ ಎಲ್ಲ ಯಂತ್ರಗಳಿಗೂ ಈ ಭಾಗ್ಯವಿಲ್ಲ. 2008ರಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿದ ಮ್ಯಾಕ್‌ಬುಕ್ ಏರ್ ಜಗತ್ತನ್ನು ಬೆರಗಾಗಿಸಿತು. ಅದರ ರ‍್ಯಾಮನ್ನು ಒಳಗಿನ ಹಲಗೆಗೇ ಬೆಸುಗೆ ಹಾಕಲಾಗಿತ್ತು. ಆಮೇಲೆ ಬಂದ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಇದೇ ದಾರಿ ಹಿಡಿದವು. ತೆಳುವಾದದ್ದಕ್ಕೆ ತೆತ್ತ ಬೆಲೆ ಇದು. ಆದ್ದರಿಂದ ಬಿಡಿಭಾಗ ಕೊಳ್ಳುವ ಮುನ್ನ, ಅದನ್ನು ಕೂರಿಸಲು ಜಾಗವಿದೆಯೆ ಎಂದು ಮೆಕ್ಯಾನಿಕ್‌ನಿಂದ ಕೇಳಿ ತಿಳಿಯಬೇಕು. ಹೊಸದನ್ನೇ ಕೊಳ್ಳುವವರೂ ಕೇಳಬೇಕಾದ ಪ್ರಶ್ನೆ ಇದು.

ಕೈಬಿಟ್ಟ ಮುಪ್ಪು

ಮೂರನೆಯದು ತಯಾರಕರು ಕೈಬಿಟ್ಟಾಗ ಬರುವ ಮುಪ್ಪು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಇಂಟೆಲ್ ಯಂತ್ರಗಳಲ್ಲಿ ಬಹುತೇಕ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರನ್ನೂ ಬೇಡಿತು. ಹೀಗಾಗಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಸಾಲಿನಿಂದ ಹೊರಬಿದ್ದವು. ನೋಂದಾಯಿಸಿಕೊಂಡವರಿಗೆ ಹೆಚ್ಚುವರಿ ಒಂದು ವರ್ಷದ ಭದ್ರತಾ ಪರಿಷ್ಕರಣೆಯನ್ನು ಘೋಷಿಸಲಾಯಿತು.

ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾದ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಚಿಲಕವಿಲ್ಲದ ಮನೆಯಲ್ಲಿ ಒಡವೆ ಇಟ್ಟಂತೆ. ಇಲ್ಲಿ ದಾರಿ ಎರಡು: ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಕಲಿಯುವ ತಾಳ್ಮೆ ತೋರುವುದು, ಇಲ್ಲವೆ ಹೊಸದನ್ನು ಕೊಳ್ಳುವುದು.

ಹೊಸದಕ್ಕೆ ಹೋಗುವ ಮುನ್ನ

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಅಗತ್ಯ. ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ನಮ್ಮಲ್ಲಿ ಬಹುಕಾಲ ಪತ್ರ, ಲೇಖನ, ಪುಸ್ತಕಗಳ ಬೆರಳಚ್ಚು ನಡೆದದ್ದು ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ. ಅವು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸಿದಂಥವು. ಆ ಅಕ್ಷರಶೈಲಿ ಇಲ್ಲದ ಹೊಸ ಯಂತ್ರದಲ್ಲಿ ಅದೇ ಕಡತ ತೆರೆದರೆ ತಂದೆಯ ಆತ್ಮಕಥೆಯೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಎರಡು ಕಡೆ ಪ್ರತಿ ತೆಗೆದಿಡುವುದು ಜಾಣತನ. ಅಕ್ಷರಶೈಲಿಯ ಕಡತಗಳನ್ನೂ ಜೊತೆಗಿಟ್ಟರೆ ಒಳ್ಳೆಯದು.

ಎಸೆಯುವುದಕ್ಕೂ ಒಂದು ಕ್ರಮವಿದೆ. ಲ್ಯಾಪ್‌ಟಾಪೊಂದು ತನ್ನ ಜೀವಮಾನದಲ್ಲಿ ಪರಿಸರದ ಮೇಲೆ ಹೊರಿಸುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ. ಹೀಗಾಗಿ ಇನ್ನೆರಡು ವರ್ಷ ಬಳಸಿದರೆ ಆ ಹೊರೆ ಅಷ್ಟು ಹೆಚ್ಚು ಕಾಲಕ್ಕೆ ಹಂಚಿಹೋಗುತ್ತದೆ. ಬಳಸಲಾಗದ್ದನ್ನು ಗುಜರಿಗೆ ಹಾಕದೆ, ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಘಟಕದಂಥ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ಅದಕ್ಕೂ ಮೊದಲು ಒಳಗಿನ ಮಾಹಿತಿಯನ್ನು ಪೂರ್ತಿ ಅಳಿಸಬೇಕು.

ಕೊನೆಗೆ ಲೆಕ್ಕ ಸರಳ. ಸವೆತವಾದರೆ ರಿಪೇರಿ, ಹೊರೆಯಾದರೆ ಬಿಡಿಭಾಗ, ಇವೆರಡರ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟುವುದಾದರೆ ಅಥವಾ ತಯಾರಕರು ಕೈಬಿಟ್ಟಿದ್ದು ಲಿನಕ್ಸ್ ಒಗ್ಗದಿದ್ದರೆ ಹೊಸದು. ಇನ್ನೂ ಒಳ್ಳೆಯ ಮಾದರಿ ಮುಂದಿನ ವರ್ಷ ಬರುತ್ತದೆ ಎಂದು ಕಾಯುವುದರಿಂದ ಲಾಭವಿಲ್ಲ. ಅದು ಪ್ರತಿ ವರ್ಷವೂ ಬರುತ್ತದೆ. ಕೆಲಸ ನಿಂತಿದ್ದರೆ ಇಂದೇ ಕೊಳ್ಳಬೇಕು, ನಡೆಯುತ್ತಿದ್ದರೆ ನಡೆಯಗೊಡಬೇಕು.