ಹಸಿರು ಪತಂಗ ಕಂಡ ಕೂಡಲೆ ಔಷಧಿ ಬೇಡ

ದೀಪಕ್ಕೆ ಹಸಿರು ಪತಂಗ ಬಂದರೆ ಸಾಕು, 'ಕಾಯಿಕೊರಕ ಬಂತು' ಅಂತ ಔಷಧಿ ಅಂಗಡಿಗೆ ಓಡೋರು ನಮ್ಮ ಕಡೆ ಬಹಳ. ಒಂದು ಸಿಂಪರಣೆ ಅಂದರೆ ಔಷಧಿ, ಆಳು, ದೂರದಿಂದ ನೀರು ಹೊರೋದು. ಮಳೆ ನಂಬಿದ ಹೊಲಕ್ಕೆ ಅದು ಸಣ್ಣ ಖರ್ಚಲ್ಲ. ಬಂದ ಪತಂಗ ಯಾವುದು ಅಂತ ಮೊದಲು ನೋಡಿ.

ಕೂತ ರೀತಿಯಲ್ಲೇ ಅರ್ಧ ಗೊತ್ತಾಗ್ತದೆ. ಹತ್ತಿ, ಬೆಂಡೆಯ ಚುಕ್ಕೆ ಕಾಯಿಕೊರಕದ ಪತಂಗ ಚಿಕ್ಕದು, ರೆಕ್ಕೆ ಬಿಚ್ಚಿದರೆ ಸುಮಾರು ಒಂದಿಂಚು. ಇಳಿಜಾರು ಚಾವಣಿ ಹಾಗೆ ರೆಕ್ಕೆ ಮಡಚಿ ಕೂರ್ತದೆ. ನಾಲ್ಕೂ ರೆಕ್ಕೆ ಗೋಡೆಗೆ ಅಂಟಿಸಿದಂತೆ ಹರಡಿ ಕೂತ ತಿಳಿ ಹಸಿರಿನದು ಬೇರೆ ಜಾತಿ, ಹತ್ತಿ ಕಾಯಿಗೂ ಅದಕ್ಕೂ ಸಂಬಂಧ ಇಲ್ಲ. ದಪ್ಪ ಮೈ, ಹಸಿರು ರೆಕ್ಕೆಗೆ ಅಗಲ ಕಂದು ಅಂಚು ಇದ್ದರೆ ಅದು ಹರಳು, ಮಾವಿನ ಎಲೆ ತಿನ್ನುವ ಮುಳ್ಳುಹುಳುವಿನ ಪತಂಗ. ಹುಳು ಮುಟ್ಟಿದರೆ ಉರಿ ಬರ್ತದೆ, ಮಕ್ಕಳಿಗೆ ಹೇಳಿಡಿ.

ಇನ್ನು ಚುಕ್ಕೆ ಕಾಯಿಕೊರಕದಲ್ಲೇ ಎರಡು ಜಾತಿ. ಇಯರಿಯಾಸ್ ವಿಟ್ಟೆಲ್ಲಾ ಅನ್ನೋದರ ಮುಂದಿನ ರೆಕ್ಕೆ ಬಿಳಿಚು, ನಡುವೆ ಬೆಣೆ ಆಕಾರದ ಒಂದೇ ಹಸಿರು ಪಟ್ಟೆ. ಇಯರಿಯಾಸ್ ಇನ್ಸುಲಾನಾದ ಮುಂದಿನ ರೆಕ್ಕೆ ಇಡೀ ಹಸಿರು. ಆದರೆ ಚಳಿ ದಿನಗಳಲ್ಲಿ ಇದೇ ಪತಂಗ ಒಣಹುಲ್ಲಿನ ಹಳದಿ, ಕಂದಿಗೆ ತಿರುಗ್ತದೆ. ಹಾಗಾಗಿ ಬಣ್ಣ ಒಂದನ್ನೇ ನೆಚ್ಚಬೇಡಿ. ಹುಳುವಿನಲ್ಲಿ ಗುರುತು ಇನ್ನೂ ಸುಲಭ: ಇನ್ಸುಲಾನಾದ ಮೈಮೇಲೆ ಬೆರಳಿನಂಥ ಮೊನೆಗಳು ಎದ್ದಿರ್ತವೆ, ವಿಟ್ಟೆಲ್ಲಾಕ್ಕೆ ಅವು ಇಲ್ಲ, ಬೆನ್ನ ಮೇಲೆ ಬಿಳಿ ಗೆರೆ. ಒಣ ಸೀಮೆಗೆ ಇನ್ಸುಲಾನಾ ಹೆಚ್ಚು ಒಗ್ಗಿದ್ದು, ತೇವ ಇರೋ ಕಡೆ ವಿಟ್ಟೆಲ್ಲಾ.

ಹಾವಳಿ ಮಾತ್ರ ಎರಡರದೂ ಒಂದೇ. ಎಳೆ ಗಿಡದಲ್ಲಿ ಸುಳಿ ಕೊರೀತದೆ, ಸುಳಿ ಬಾಡಿ ಜೋತು ಬೀಳ್ತದೆ. ಮುಂದೆ ಮೊಗ್ಗು, ಕಾಯಿ. ಹತ್ತಿರ ಬೆಂಡೆ ಇದ್ದರೆ ಹುಳಕ್ಕೆ ಅದೇ ತವರು. ಬೆಳಗ್ಗೆ ಹೊಲದ ಐದಾರು ಕಡೆ ನಿಂತು ಗಿಡ ನೋಡಿ. ಸುಳಿ, ಮೊಗ್ಗು, ಕಾಯಿಯಲ್ಲಿ ನೂರಕ್ಕೆ ಹತ್ತು ಕೊರೆದಿದ್ದರೆ ಮಾತ್ರ ಔಷಧಿಯ ಮಾತು. ಅಷ್ಟಿಲ್ಲದಿದ್ದರೆ ಬಾಡಿದ ಸುಳಿ ಚಿವುಟಿ ಸುಡೋದು ಸಾಕು ಅಂತ ನನ್ನ ಲೆಕ್ಕ.

2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಹತ್ತಿಯಲ್ಲಿ ಇದರ ಕಾಟ ಇಳಿದಿದೆ. ಬೆಂಡೆಗೆ, ನಾಟಿ ಹತ್ತಿಗೆ ಇನ್ನೂ ಇದೆ. ಈಗ ಬಿಟಿ ಕಾಯಿಯನ್ನೇ ತಿನ್ನುತ್ತಿರೋದು ಗುಲಾಬಿ ಕಾಯಿಕೊರಕ. ಅದರ ಪತಂಗ ಹಸಿರಲ್ಲ, ಕಂದು.